ಬೋರ್ಡಿನ ಬೇಸಿಗೆ, ಲೋಟದ ಬೇಸಿಗೆ

ಶಿವರಾತ್ರಿ ಮುಗಿದು ಚಳಿ ‘ಶಿವ ಶಿವಾ’ ಎಂದು ಹೊರಟಿತೋ ಇಲ್ಲವೋ, ನಮ್ಮ ಕಡೆಯ ಹೋಟೆಲುಗಳ ಮುಂದೆ ಒಂದು ಬೋರ್ಡು ಎದ್ದು ನಿಲ್ಲುತ್ತದೆ. ‘ಸಮ್ಮರ್ ಸ್ಪೆಷಲ್’ ಎಂದು ತಲೆಬರಹ. ಕೆಳಗೆ ಉದ್ದುದ್ದ ಗಾಜಿನ ಲೋಟಗಳ ಚಿತ್ರ. ಒಂದರಲ್ಲಿ ಕೆಂಪು, ಒಂದರಲ್ಲಿ ಹಸಿರು, ಮತ್ತೊಂದರಲ್ಲಿ ಅಪ್ಪಟ ನೀಲಿ. ಲೋಟದ ಅಂಚಿಗೆ ಸಿಕ್ಕಿಸಿದ ನಿಂಬೆಯ ಬಿಲ್ಲೆ, ಮೇಲೊಂದು ಪುಟ್ಟ ಕೊಡೆ. ಹತ್ತು ಹದಿನೈದು ವರ್ಷಗಳ ಹಿಂದೆ ಇಂಥ ಲೋಟಗಳನ್ನು ನಾವು ಸಿನಿಮಾದಲ್ಲಿ ಮಾತ್ರ ನೋಡುತ್ತಿದ್ದೆವು. ಈಗ ಅವು ದಾವಣಗೆರೆ, ಶಿವಮೊಗ್ಗಗಳನ್ನು ದಾಟಿ ನಮ್ಮಂಥ ತಾಲ್ಲೂಕು ಊರುಗಳಿಗೂ ಬಂದಿವೆ.

ಸಿನಿಮಾ ನೋಡಿ ಬಂದರೆ ನಾವು ನಾಲ್ಕು ದಿನ ಅದರ ವಿಮರ್ಶೆ ಮಾಡುತ್ತೇವೆ. ಕಾದಂಬರಿ ಓದಿದರೆ ನಾಯಕಿಗೆ ನ್ಯಾಯ ಸಿಕ್ಕಿತೇ ಎಂದು ಚರ್ಚಿಸುತ್ತೇವೆ. ಸೀರೆ ಕೊಳ್ಳುವಾಗಲಂತೂ ಕೇಳುವುದೇ ಬೇಡ, ಸೆರಗು ಬಿಚ್ಚಿ, ಅಂಚು ಹಿಡಿದು, ಬೆಳಕಿಗೆ ಒಡ್ಡಿ ನೋಡುತ್ತೇವೆ. ಆದರೆ 150 ರೂಪಾಯಿ ಕೊಟ್ಟು ಕುಡಿದ ಒಂದು ಲೋಟದ ಬಗ್ಗೆ ಮಾತ್ರ ‘ಚೆನ್ನಾಗಿತ್ತು ಕಣೇ’ ಎಂದು ಬಾಯಿ ಒರೆಸಿಕೊಂಡು ಎದ್ದುಬಿಡುತ್ತೇವೆ. ಹಾಗಾಗಬಾರದು. ಬೋರ್ಡು ನಮಗೆ ಮೂರು ಮಾತು ಕೊಡುತ್ತದೆ. ಇದು ತಾಜಾ, ಇದು ಈ ಕಾಲದ್ದು, ಇದನ್ನು ನೀವು ಆರಾಮವಾಗಿ ಕೂತು ಸವಿಯಬಹುದು. ಕೊಟ್ಟ ಮಾತನ್ನು ಎಷ್ಟರಮಟ್ಟಿಗೆ ಉಳಿಸಿಕೊಂಡಿದೆ ಎಂದು ನೋಡುವುದು ವಿಮರ್ಶೆಯ ಕೆಲಸವಲ್ಲವೆ?

ಈ ಪರೀಕ್ಷೆಗೆ ನನಗೆ ಅವಕಾಶ ಸಿಕ್ಕಿದ್ದು ಎಸ್ಸೆಸ್ಸೆಲ್ಸಿ ಮೌಲ್ಯಮಾಪನದ ದಿನಗಳಲ್ಲಿ. ಏಪ್ರಿಲ್ ತಿಂಗಳ ದಾವಣಗೆರೆಯ ಬಿಸಿಲು ಗೊತ್ತಿರುವವರಿಗೆ ಹೆಚ್ಚು ಹೇಳಬೇಕಿಲ್ಲ. ಬೆಳಗಿನಿಂದ ಉತ್ತರ ಪತ್ರಿಕೆಗಳಿಗೆ ಅಂಕ ಹಾಕಿ ಕಣ್ಣು ಉರಿಯುತ್ತಿದ್ದ ನಾವು ನಾಲ್ವರು ಶಿಕ್ಷಕಿಯರು ಸಂಜೆ ಒಂದು ಹೋಟೆಲು ಹೊಕ್ಕೆವು. ಅದರ ಹೆಸರು ಇಲ್ಲಿ ಬೇಡ, ಇಂಥವು ಊರಿಗೆ ಹತ್ತಿವೆ. ನಾಲ್ಕು ಬಗೆಯ ಲೋಟ ತರಿಸಿ ನಾಲ್ವರೂ ಹಂಚಿಕೊಂಡು ಕುಡಿದೆವು. ಇಡೀ ದಿನ ಅಂಕ ಹಾಕಿದ ಕೈ ನೋಡಿ, ಅಲ್ಲೂ ಸುಮ್ಮನಿರಲಿಲ್ಲ.

ಮೊದಲು ಹೆಸರುಗಳ ವಿಚಾರ. ಕಾರ್ಡಿನಲ್ಲಿ ಈ ಪಾನೀಯಗಳಿಗೆಲ್ಲ ಸೇರಿಸಿ ಇಟ್ಟಿದ್ದ ಹೆಸರು ‘ಮಾಕ್‌ಟೇಲ್’. ಕಾಕ್‌ಟೇಲ್ ಎಂದರೆ ಮದ್ಯ ಬೆರೆಸಿದ್ದು, ಮಾಕ್‌ಟೇಲ್ ಎಂದರೆ ಅದರ ಅಣಕು. ಕಾಕ್‌ಟೇಲ್ ಎಂದರೇನೆಂದು ಅಮೆರಿಕದ ನ್ಯೂಯಾರ್ಕ್ ಪ್ರಾಂತದ ಒಂದು ಪತ್ರಿಕೆ 1806ರಲ್ಲೇ ಓದುಗರಿಗೆ ವಿವರಿಸಿತ್ತು. ಮದ್ಯ, ಸಕ್ಕರೆ, ನೀರು, ಕಹಿ ಕಷಾಯ, ಇಷ್ಟೇ. ಅವರ ಪಾಡಿಗೆ ಅವರು ಕುಡಿಯಲಿ, ನನ್ನ ತಕರಾರಿಲ್ಲ. ಆದರೆ ನಿಂಬೆಹಣ್ಣು, ಪುದೀನ, ಕಲ್ಲಂಗಡಿಗಳ ರಸವನ್ನು ‘ಹೆಂಡದ ಅಣಕು’ ಎಂದು ಕರೆಯುವುದು ಯಾವ ನ್ಯಾಯ? ನಮ್ಮ ಪಾನಕ ಯಾವುದರ ಅಣಕವೂ ಅಲ್ಲ. ಅದು ತಾನೇ ತಾನಾಗಿ ಇದ್ದದ್ದು. ಇಂಗ್ಲಿಷಿನವರ ‘ಪಂಚ್’ ಎಂಬ ಪೇಯದ ಹೆಸರೇ ನಮ್ಮ ದೇಶದ ‘ಪಂಚ’ ಎಂಬ ಮಾತಿನಿಂದ, ಅಂದರೆ ಐದು ಪದಾರ್ಥಗಳಿಂದ ಬಂದದ್ದೆಂದು ಹಲವು ನಿಘಂಟುಗಳು ಹೇಳುತ್ತವೆ. ಹದಿನೇಳನೆಯ ಶತಮಾನದಲ್ಲಿ ಇಲ್ಲಿಗೆ ವ್ಯಾಪಾರಕ್ಕೆ ಬಂದವರು ಕಲಿತು ಹೋದದ್ದು ಈಗ ಕೊಡೆ ಹಿಡಿದುಕೊಂಡು ವಾಪಸು ಬಂದಿದೆ, ಅಷ್ಟೆ.

ಇನ್ನೊಂದು ಹೆಸರು ‘ವರ್ಜಿನ್ ಮೊಹಿತೊ’. ಮೊಹಿತೊ ಕ್ಯೂಬಾ ದೇಶದ ಪೇಯ. ರಮ್, ನಿಂಬೆ, ಪುದೀನ, ಸಕ್ಕರೆ, ಸೋಡಾ ಸೇರಿಸಿ ಮಾಡುವುದು. ರಮ್ ಹಾಕದಿದ್ದರೆ ಅದಕ್ಕೆ ಹಿಂದೆ ‘ವರ್ಜಿನ್’ ಎಂಬ ಬಿರುದು! ಹೆಂಡ ಮುಟ್ಟದ ಲೋಟಕ್ಕೆ ಕನ್ಯೆ ಎಂಬ ಹೆಸರಿಟ್ಟವರು ಗಂಡಸರೇ ಇರಬೇಕು ಎಂದು ನಾವು ನಕ್ಕೆವು. ಆರ್ಡರ್ ತೆಗೆದುಕೊಳ್ಳಲು ಬಂದ ಹುಡುಗ ಮಾತ್ರ ಗಂಭೀರವಾಗಿ ‘ಎರಡು ವರ್ಜಿನ್ನಾ ಮೇಡಂ?’ ಎಂದು ಕೇಳಿದ. ನಮ್ಮ ಸೀಮೆಯ ಹೆಂಗಸರಿಗೆ ಹೆಂಡ ತಮಾಷೆಯ ವಿಷಯವಲ್ಲ. ಸಾರಾಯಿ ಅಂಗಡಿಯ ಮುಂದೆ ಕೂತು ಕೂಗಾಡಿದ ತಾಯಂದಿರು ಎಷ್ಟೋ ಜನ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ಒಂದಿಷ್ಟು ಮನೆಗಳಲ್ಲಾದರೂ ಹಬ್ಬವಾಯಿತು. ಅಂಥ ಹೆಂಗಸರ ಮುಂದೆ ಒಳ್ಳೆಯ ಹಣ್ಣಿನ ರಸವನ್ನು ಹೆಂಡದ ನೆರಳಿನಲ್ಲಿ ನಿಲ್ಲಿಸಿ ಮಾರುವುದು ಬೇಡ. ‘ನಿಂಬೆ ಪುದೀನ ಸೋಡಾ’ ಎಂದರೆ ಸಾಕು, ಬಾಯಲ್ಲಿ ನೀರೂರುತ್ತದೆ.

ಈಗ ಮೊದಲನೆಯ ಮಾತು, ತಾಜಾತನ. ಮೊಹಿತೊ ನಿಜಕ್ಕೂ ಚೆನ್ನಾಗಿತ್ತು. ನಿಂಬೆ ಆಗಷ್ಟೇ ಹಿಂಡಿದ್ದು, ಸಿಪ್ಪೆಯ ಸಣ್ಣ ಕಹಿ ನಾಲಿಗೆಯ ತುದಿಗೆ ತಾಕುತ್ತಿತ್ತು. ಪುದೀನವನ್ನು ಅರೆಯದೆ ಬರೀ ಜಜ್ಜಿದ್ದರು. ಅರೆದರೆ ಸೊಪ್ಪಿನ ವಾಸನೆ ಬರುತ್ತದೆ, ಜಜ್ಜಿದರೆ ಘಮ ಮಾತ್ರ ಬರುತ್ತದೆ. ಬಲ್ಲ ಕೈಯೇ ಮಾಡಿದ್ದು. ಹತ್ತಕ್ಕೆ ಎಂಟು ಕೊಡಬಹುದು. ಕಲ್ಲಂಗಡಿ ರಸವೂ ಹಣ್ಣಿನದೇ, ಆದರೆ ಹಣ್ಣಿನ ಮೇಲೆ ನಂಬಿಕೆ ಇಲ್ಲದವರಂತೆ ಸಕ್ಕರೆ ಪಾಕ ಸುರಿದಿದ್ದರು. ಬೇಸಿಗೆಯ ಕಲ್ಲಂಗಡಿಗೆ ಸಕ್ಕರೆ ಹಾಕುವುದೆಂದರೆ ಮದುವಣಗಿತ್ತಿಗೆ ಮುಖವಾಡ ಹಾಕಿದ ಹಾಗೆ. ಅದಕ್ಕೆ ಐದು. ಸ್ಟ್ರಾಬೆರಿಯದಂತೂ ಕೆಂಪು ಪೆಪ್ಪರಮೆಂಟನ್ನು ಕರಗಿಸಿ ಕೊಟ್ಟಂತಿತ್ತು. ಕೊನೆಯದು ನೀಲಿ. ‘ಬ್ಲೂ ಲಗೂನ್’ ಎಂದು ನಾಮಧೇಯ. ಒಂದು ಗುಟುಕು ಕುಡಿದ ನಮ್ಮ ಹಿಂದಿ ಟೀಚರು ‘ಕೆಮ್ಮಿನ ಔಷಧಿಗೆ ಸೋಡಾ ಬೆರೆಸಿದ್ದಾರೆ’ ಎಂದು ಲೋಟ ನನ್ನ ಕಡೆ ತಳ್ಳಿದರು.

ಆ ನೀಲಿಯ ಕತೆ ಸ್ವಲ್ಪ ಕೇಳಿ. ಕೆರಿಬಿಯನ್ ಸಮುದ್ರದ ಕುರಸಾವೊ ಎಂಬ ದ್ವೀಪದಲ್ಲಿ ಒಂದು ಜಾತಿಯ ಕಹಿ ಕಿತ್ತಳೆ ಬೆಳೆಯುತ್ತದೆ. ಅದರ ಒಣಗಿದ ಸಿಪ್ಪೆಯಿಂದ ಅಲ್ಲಿಯವರು ಒಂದು ಮದ್ಯ ಮಾಡಿದರು. ಕಿತ್ತಳೆಗೂ ನೀಲಿಗೂ ಏನು ಸಂಬಂಧ? ಯಾವ ಸಂಬಂಧವೂ ಇಲ್ಲ, ಬಣ್ಣ ಆಮೇಲೆ ಹಾಕಿದ್ದು. ಮದ್ಯ ತೆಗೆದು, ಕಿತ್ತಳೆಯ ಪರಿಮಳದ ಸಕ್ಕರೆ ಪಾಕಕ್ಕೆ ಅದೇ ನೀಲಿ ಬೆರೆಸಿ ಬಾಟಲಿ ತುಂಬಿದರೆ ಹೋಟೆಲಿನ ಸಿರಪ್ಪು ಸಿದ್ಧ. ಬಣ್ಣ ಕಾನೂನು ಒಪ್ಪಿದ್ದೇ ಇರಬಹುದು, ನಾನು ಅದನ್ನು ವಿಷ ಎನ್ನುತ್ತಿಲ್ಲ. ಆದರೆ ಒಂದು ತಮಾಷೆ ನೋಡಿ. ತಿನ್ನಲು ಬಾರದ, ಮೀನು ಮತ್ತು ಸರಕು ತಂಪಾಗಿಡಲು ಮಾತ್ರ ಬಳಸುವ ಮಂಜುಗಡ್ಡೆಯನ್ನು ಜನ ಗುರುತು ಹಿಡಿಯಲೆಂದು ಅದಕ್ಕೆ ನೀಲಿ ಬಣ್ಣ ಹಾಕಬೇಕೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ನಿಯಮ ತಂದಿತು. ಅಂದರೆ ನೀಲಿ ಕಂಡರೆ ಬಾಯಿಗೆ ಹಾಕಬೇಡಿ ಎಂದು ಸರ್ಕಾರ ಹೇಳುತ್ತದೆ. ಅದೇ ನೀಲಿಗೆ ಕೊಡೆ ಸಿಕ್ಕಿಸಿ ‘ಫ್ರೆಶ್’ ಎಂದು ಹೋಟೆಲು ಹೇಳುತ್ತದೆ!

ಬಾಟಲಿಯಲ್ಲಿ ಮಾರುವವರಿಗಾದರೂ ಲೆಕ್ಕ ಉಂಟು. ಹಣ್ಣಿನ ಸ್ಕ್ವಾಷ್ ಎಂದು ಬರೆಯಬೇಕಾದರೆ ಅದರಲ್ಲಿ ಶೇಕಡಾ 25ರಷ್ಟಾದರೂ ಹಣ್ಣಿನ ರಸವಿರಬೇಕು. ನೇರ ಕುಡಿಯುವ ಹಣ್ಣಿನ ಪಾನೀಯಕ್ಕೆ ಶೇಕಡಾ 10, ನಿಂಬೆಯದಾದರೆ ಶೇಕಡಾ 5. ಸಾಂದ್ರ ರಸಕ್ಕೆ ನೀರು ಬೆರೆಸಿ ‘ಶೇಕಡಾ 100 ಹಣ್ಣಿನ ರಸ’ ಎಂದು ಹಾಕಿಕೊಳ್ಳುವುದನ್ನು ಬಿಡಿ ಎಂದು ಅದೇ ಪ್ರಾಧಿಕಾರ 2024ರ ಜೂನಿನಲ್ಲಿ ಕಂಪನಿಗಳಿಗೆ ತಾಕೀತು ಮಾಡಿತು. ಹೋಟೆಲಿನ ಲೋಟಕ್ಕೆ ಮಾತ್ರ ಚೀಟಿ ಅಂಟಿಸಿರುವುದಿಲ್ಲ. ಒಳಗಿರುವುದು ಹಣ್ಣೋ ಬಾಟಲಿಯೋ ಎಂದು ತಿಳಿಯಬೇಕಾದರೆ ನಮ್ಮ ನಾಲಿಗೆಯನ್ನೇ ಕೇಳಬೇಕು. ಆ ನಾಲಿಗೆಯನ್ನು ನಾವು ಅಡುಗೆಮನೆಯಲ್ಲಿ ಮೂವತ್ತು ವರ್ಷ ತರಬೇತು ಮಾಡಿದ್ದೇವಲ್ಲ, ಬಳಸಲು ಸಂಕೋಚವೇಕೆ?

ಎರಡನೆಯ ಮಾತು, ಈ ಕಾಲದ್ದು ಎಂಬುದು. ಇಲ್ಲಿ ಬೋರ್ಡು ಪೂರಾ ನಪಾಸು. ಸ್ಟ್ರಾಬೆರಿ ಮಹಾಬಲೇಶ್ವರದ ಕಡೆ ಚಳಿಗಾಲದ ಬೆಳೆ. ಬೇಸಿಗೆ ಏರುವ ಹೊತ್ತಿಗೆ ಅದರ ಕಾಲ ಮುಗಿದಿರುತ್ತದೆ. ಕಿವಿ ಹಣ್ಣು ಹಿಮಾಚಲದಂಥ ತಂಪು ನಾಡಿನಲ್ಲಿ ದೀಪಾವಳಿಯ ಆಸುಪಾಸಿನಲ್ಲಿ ಕೊಯ್ಲಿಗೆ ಬರುವಂಥದ್ದು. ಮೇ ತಿಂಗಳಲ್ಲಿ ಅವೆರಡೂ ನಮ್ಮ ‘ಸಮ್ಮರ್ ಸ್ಪೆಷಲ್’ ಆದದ್ದು ಯಾವ ಪಂಚಾಂಗದ ಪ್ರಕಾರ? ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬಂತೆ, ಬೋರ್ಡಿನ ತುಂಬಾ ಬೇಸಿಗೆ, ಒಳಗೆ ಬೇಸಿಗೆಯ ಹಣ್ಣೊಂದೂ ಇಲ್ಲ ಎನ್ನುವಷ್ಟು ಕಡಿಮೆ.

ಕಾಲ ಎಂದರೇನು ಎಂಬುದನ್ನು ನಾನು ಕಲಿತದ್ದು ಕತ್ತಲಗೆರೆಯಲ್ಲಿ. ಚನ್ನಗಿರಿ ತಾಲ್ಲೂಕಿನ ಈ ನಮ್ಮ ಊರಿಗೆ ಕೃಷಿ ಸಂಶೋಧನಾ ಕೇಂದ್ರ ಇರುವುದರಿಂದ ರೈತಾಪಿ ಜನಕ್ಕೆ ಹೆಸರು ಗೊತ್ತು. ಇಲ್ಲಿ ಬೇಸಿಗೆಯನ್ನು ನಿರ್ಧರಿಸುವುದು ಕ್ಯಾಲೆಂಡರಲ್ಲ, ಭದ್ರಾ ನಾಲೆ. ನಾಲೆಗೆ ನೀರು ಬಿಟ್ಟರೆ ಬೇಸಿಗೆ ಭತ್ತ, ಹಸಿರು ಗದ್ದೆ, ತಣ್ಣನೆಯ ಗಾಳಿ. ಬಿಡದಿದ್ದರೆ ಬಿರುಕು ಬಿಟ್ಟ ಗದ್ದೆ, ಟ್ಯಾಂಕರಿನಲ್ಲಿ ನೀರು ತಂದು ಅಡಿಕೆ ಗಿಡ ಉಳಿಸುವ ಪಾಡು. ಸಂತೆಗೆ ಕಲ್ಲಂಗಡಿ, ಕರಬೂಜ ರಾಶಿ ಬಿದ್ದವು ಎಂದರೆ ಬೇಸಿಗೆ ಕಾಲಿಟ್ಟಿತು ಎಂದರ್ಥ. ಯುಗಾದಿಗೆ ಮಾವಿನ ಮಿಡಿ, ರಾಮನವಮಿಗೆ ಬೇಲದ ಹಣ್ಣು, ಬಸವ ಜಯಂತಿಗೆ ಬೀದಿ ಬೀದಿಯಲ್ಲಿ ಪಾನಕ, ಕೋಸಂಬರಿ. ಬೇಲದ ಹಣ್ಣನ್ನು ನೆಲಕ್ಕೆ ಕುಟ್ಟಿ ಒಡೆದು, ತಿರುಳನ್ನು ನೀರಿನಲ್ಲಿ ಕಿವುಚಿ, ಬೆಲ್ಲ ಏಲಕ್ಕಿ ಹಾಕಿದರೆ ಬರುವ ಆ ಹುಳಿ, ಸಿಹಿ, ಒಗರುಗಳ ರುಚಿಯನ್ನು ಯಾವ ಸಿರಪ್ಪಿನವನೂ ಇನ್ನೂ ಬಾಟಲಿಗೆ ಇಳಿಸಿಲ್ಲ.

ಇನ್ನು ನಿಂಬೆ. ಬೇಸಿಗೆ ಬಂದ ಕೂಡಲೇ ನಿಂಬೆಹಣ್ಣಿನ ಬೆಲೆ ಗಗನಕ್ಕೇರುವುದೇಕೆ ಎಂದು ನೀವೂ ಗೊಣಗಿರಬಹುದು. ಬರೀ ವ್ಯಾಪಾರಿಗಳ ಕೈವಾಡವಲ್ಲ ಅದು. ನಿಂಬೆ ಗಿಡ ವರ್ಷಕ್ಕೆ ಮೂರು ಸಲ ಹೂ ಬಿಡುತ್ತದೆ. ಬೇಸಿಗೆಗೆ ಹಣ್ಣು ಸಿಗಬೇಕಾದರೆ ಹಿಂದಿನ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹೂ ಹಿಡಿದಿರಬೇಕು. ಹೂ ಹಿಡಿಯಲು ಗಿಡಕ್ಕೆ ಸ್ವಲ್ಪ ದಿನ ಒಣ ಉಪವಾಸ ಬೇಕು. ಆದರೆ ಆಗ ಮಳೆ ಇನ್ನೂ ಮುಗಿದಿರುವುದಿಲ್ಲ, ಬೇರು ಒಣಗುವುದಿಲ್ಲ. ಅದರಿಂದ ಆ ಸಲದ ಹೂವೂ ಕಡಿಮೆ, ಹಣ್ಣೂ ಕಡಿಮೆ. ಬೇಕೆನ್ನುವವರು ಮಾತ್ರ ಬೇಸಿಗೆಯಲ್ಲೇ ಹೆಚ್ಚು. ಹೀಗೆ ಏಪ್ರಿಲ್ಲಿನ ಒಂದು ಲೋಟ ಶರಬತ್ತಿನ ಹಿಂದೆ ಯಾರೋ ರೈತ ಆರು ತಿಂಗಳ ಹಿಂದೆ ಮಳೆಯ ಜೊತೆ ಮಾಡಿದ ಜೂಜು ಇರುತ್ತದೆ. ಅಂಥ ಹಣ್ಣನ್ನು ಹಿಂಡಿ ಕೊಡುವ ಹೋಟೆಲು ಹತ್ತು ರೂಪಾಯಿ ಹೆಚ್ಚಿಗೆ ಕೇಳಿದರೂ ನಾನು ಕೊಡುತ್ತೇನೆ. ನೀಲಿ ಬಾಟಲಿಗೆ 150 ಕೊಡುವಾಗ ಮಾತ್ರ ಕೈ ನಡುಗುತ್ತದೆ.

ಋತುವಿಗೆ ತಕ್ಕಂತೆ ಕುಡಿಯುವುದು ನಮ್ಮ ನಾಡಿಗೆ ಹೊಸ ಶಾಸ್ತ್ರವೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ನೀರು ಮತ್ತು ಪಾನೀಯಗಳಿಗೆಂದೇ ಒಂದು ಭಾಗವಿದೆ. ಯಾವ ಋತುವಿನಲ್ಲಿ ಯಾವ ನೀರು ಎಂಬುದನ್ನೂ ಅಲ್ಲಿ ಹೇಳಿದೆ. ಹದಿನಾರನೆಯ ಶತಮಾನದ ಮೊದಲಲ್ಲಿ ಮೂರನೆಯ ಮಂಗರಸ ಕನ್ನಡದಲ್ಲೇ ‘ಸೂಪಶಾಸ್ತ್ರ’ ಬರೆದ, ಅದರಲ್ಲೂ ಪಾನಕಗಳಿಗೆ ಜಾಗವುಂಟು. ನಮ್ಮ ತಾಲ್ಲೂಕಿನ ಸಂತೇಬೆನ್ನೂರಿಗೆ ಹೋಗಿ ನೋಡಿ. ಪಾಳೆಯಗಾರ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಿಣಿಯ ನಡುವೆ ನೀರಿನಲ್ಲಿ ನಿಂತ ಮಂಟಪದ ಹೆಸರೇ ವಸಂತ ಮಂಟಪ. ಕಾಲವನ್ನು ಕಂಡು, ತಂಪಾಗಿ ಕೂತು ಸವಿಯುವ ರಸಿಕತೆ ನಮ್ಮಲ್ಲಿ ಇದ್ದೇ ಇತ್ತು.

ಆದರೆ ಯಾರಿಗೆ ಇತ್ತು? ಇಲ್ಲಿಗೆ ಬಂದಾಗ ನನ್ನ ಹಳೆಯದರ ಹೊಗಳಿಕೆ ಸ್ವಲ್ಪ ತಡೆಯುತ್ತದೆ. ಮಾನಸೋಲ್ಲಾಸದಲ್ಲಿ ಆ ಪಾನೀಯ ಬರುವುದು ರಾಜನ ಭೋಗಗಳ ಪಟ್ಟಿಯಲ್ಲಿ. ಭೋಗ ದೊರೆಯದು, ಅರೆದವರ, ಸೋಸಿದವರ ಹೆಸರು ಪಟ್ಟಿಯಲ್ಲಿಲ್ಲ. ನಮ್ಮ ಮನೆಯ ಪಾನಕದ ಕತೆಯೂ ಇದೇ. ರಾಮನವಮಿಯ ಬೆಳಿಗ್ಗೆ ನಮ್ಮ ಅವ್ವ, ದೊಡ್ಡವ್ವ ಇಬ್ಬರೂ ಬೆಲ್ಲ ಕುಟ್ಟಿ, ಮೆಣಸು, ಒಣಶುಂಠಿ, ಏಲಕ್ಕಿ ಪುಡಿ ಮಾಡಿ, ಹಂಡೆಗಟ್ಟಲೆ ಪಾನಕ ಕದಡುತ್ತಿದ್ದರು. ಮೊದಲು ದೇವರಿಗೆ, ಆಮೇಲೆ ಗಂಡಸರಿಗೆ, ಬಂದವರಿಗೆ, ಮಕ್ಕಳಿಗೆ. ಕೊನೆಗೆ ತಳದಲ್ಲಿ ಮೆಣಸು, ಶುಂಠಿಯ ಗಷ್ಟು ಉಳಿದಿರುತ್ತಿತ್ತು. ಅದನ್ನು ಅವ್ವ ನಿಂತುಕೊಂಡೇ ಗಟಗಟ ಕುಡಿದು, ಘಾಟಿಗೆ ಕೆಮ್ಮಿ, ಹಂಡೆ ತೊಳೆಯಲು ಕೂರುತ್ತಿದ್ದಳು. ಅವ್ವ ಕೂತು ಪಾನಕ ಕುಡಿದದ್ದನ್ನು ನಾನು ಕಂಡಿಲ್ಲ. ಪಾನಕ ಎಂದರೆ ಅವಳ ಪಾಲಿಗೆ ತಂಪಲ್ಲ, ಅದೊಂದು ಕೆಲಸ.

ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಹಳ್ಳಿಯ ಪಾನಕ ಎಲ್ಲರಿಗೂ ಒಂದೇ ಲೋಟದಲ್ಲಿ ಸಿಗುತ್ತಿರಲಿಲ್ಲ. ಕೆಲವರಿಗೆ ಕೈಗೆ ಲೋಟ, ಕೆಲವರಿಗೆ ಬೊಗಸೆಗೆ ಮೇಲಿನಿಂದ ಹೊಯ್ಯುವುದು. ಹಳೆಯ ಕಾಲದ ಚಹಾದಂಗಡಿಗಳಲ್ಲೂ ಬೇರೆ ಲೋಟ ಇಡುತ್ತಿದ್ದರು. ಹೋಟೆಲಿನಲ್ಲಿ ಹಾಗೆ ಭೇದ ಮಾಡುವುದು 1955ರ ಕಾಯಿದೆಯಿಂದ ಶಿಕ್ಷೆಯಾಗುವ ಅಪರಾಧವಾಯಿತು, ರೂಢಿ ಅಳಿಯಲು ಮಾತ್ರ ಬಹಳ ಕಾಲ ಹಿಡಿಯಿತು. ಪಟ್ಟಣದ ಹೋಟೆಲಿನ ಆ ಉದ್ದನೆಯ ಲೋಟ ಯಾರ ಕುಲವನ್ನೂ ಕೇಳುವುದಿಲ್ಲ, ದುಡ್ಡು ಕೊಟ್ಟವರ ಕೈಗೆಲ್ಲ ಒಂದೇ. ಪಾನಕದ ಗುಣಗಾನ ಮಾಡುವಾಗ ಇದನ್ನು ಮರೆತರೆ ನಮ್ಮ ವಿಮರ್ಶೆ ಅರ್ಧ ಕುರುಡು.

ಇದರಿಂದ ಮೂರನೆಯ ಮಾತಿಗೆ ಬರುತ್ತೇನೆ, ಆರಾಮವಾಗಿ ಕೂತು ಸವಿಯುವುದು. ಆ ಸಂಜೆ ನಾನು ಸ್ಟ್ರಾಬೆರಿ, ನೀಲಿಗಳ ಬಂಡವಾಳ ಬಯಲು ಮಾಡುತ್ತಿದ್ದಾಗ ನಮ್ಮ ಗಣಿತದ ಟೀಚರು ಸುಮ್ಮನೆ ಕೇಳುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಮನೆಯಲ್ಲಿ ಅತ್ತೆ, ಮಾವ, ಎರಡು ಮಕ್ಕಳು. ಕೊನೆಗೆ ಸ್ಟ್ರಾ ತಿರುಗಿಸುತ್ತಾ ಅವರು ಹೇಳಿದರು. ‘ಮೇಡಂ, ಇದು ಹಣ್ಣಲ್ಲ ಅಂತ ನನಗೂ ಗೊತ್ತಾಗುತ್ತೆ. ಆದ್ರೆ ಇದನ್ನ ನಾನು ಮಾಡಿಲ್ಲ ನೋಡಿ. ಈ ಲೋಟ ನಾನು ತೊಳೆಯಲ್ಲ. ಅರ್ಧ ಗಂಟೆ ಯಾರೂ ನನ್ನ ಕರೆಯಲ್ಲ. ನಾನು ದುಡ್ಡು ಕೊಡ್ತಿರೋದು ಅದಕ್ಕೆ.’

ನಾವು ಮೂವರೂ ಒಂದು ಕ್ಷಣ ಮಾತಾಡಲಿಲ್ಲ. ಕಾರ್ಡಿನಲ್ಲಿ ಬರೆಯದೇ ಇದ್ದ ಸರಕು ಅದು. ಬೇಸಿಗೆಯ ಸಂಜೆ ಫ್ಯಾನಿನ ಕೆಳಗೆ ಒಂದು ಕುರ್ಚಿ, ಇನ್ನೊಬ್ಬರು ಮಾಡಿ ತಂದುಕೊಟ್ಟ ತಂಪು, ಎದುರಿಗೆ ಗೆಳತಿಯರು. ಗಂಡಸರಿಗೆ ಇದು ಎಂದಿನಿಂದಲೂ ಇತ್ತು. ಸಂತೆ ಮುಗಿಸಿ ಬಂದವರು ಹೋಟೆಲಿನ ಬೆಂಚಿನ ಮೇಲೆ ಗಂಟೆಗಟ್ಟಲೆ ಕೂತು ರಾಜಕೀಯ ಮಾತಾಡುತ್ತಿದ್ದರು. ಹೆಂಗಸರಿಗೆ ‘ಫ್ಯಾಮಿಲಿ ರೂಮ್’ ಎಂಬ ಫಲಕದ ಹಿಂದೆ ಪರದೆ ಬಿಟ್ಟ ಗೂಡು. ಅಲ್ಲಿಗೂ ಗಂಡನೋ ಅಣ್ಣನೋ ಜೊತೆಗಿದ್ದರೆ ಮಾತ್ರ ಪ್ರವೇಶಿಸುವ ಧೈರ್ಯ. ಬೇಗ ತಿಂದು, ಬೇಗ ಕುಡಿದು, ಬೇಗ ಎದ್ದು ಬರಬೇಕು. ಒಬ್ಬಳೇ ಹೆಂಗಸು ಹೋಟೆಲಿನಲ್ಲಿ ಕೂತು ಕಾಫಿ ಕುಡಿದಳೆಂದರೆ ಊರಿನ ಬಾಯಿಗೆ ಅದೇ ತಿಂಡಿ.

ಈಗ ಪರದೆ ಬಹುಮಟ್ಟಿಗೆ ಹೋಗಿದೆ. 2023ರ ಜೂನ್ 11ರಂದು ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲದ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಕಡೆಯ ಹೆಂಗಸರು ಆಸ್ಪತ್ರೆಗೆ, ಬಟ್ಟೆ ಅಂಗಡಿಗೆ, ದೇವಸ್ಥಾನಕ್ಕೆ ಎಂದು ತಾವೇ ಹೊರಡುವುದನ್ನು ಕಾಣುತ್ತೇನೆ. ಉಳಿದ ಬಸ್ ಚಾರ್ಜಿನಲ್ಲಿ ಒಂದು ಖಾರ ಮಂಡಕ್ಕಿ, ಒಂದು ತಂಪು ಲೋಟ. ಅದನ್ನು ದುಂದು ಎಂದು ಆಡಿಕೊಳ್ಳುವವರಿಗೆ ನಾನು ಕೇಳುವುದಿಷ್ಟೇ. ಅವ್ವಂದಿರ ಕಾಲದ ಗಷ್ಟಿನ ಬಾಕಿ ತೀರಿಸುವುದು ಯಾವಾಗ?

ಹಾಗೆಂದು ಕುರ್ಚಿ ಸಿಕ್ಕಿತಲ್ಲ, ಲೋಟದಲ್ಲಿ ಏನಿದ್ದರೇನು ಎಂದು ಸುಮ್ಮನಾಗುವುದೂ ಸರಿಯಲ್ಲ. ಗಣಿತದ ಟೀಚರ ಮಾತು ನಿಜ, ಆದರೆ ಆ ನಿಜವನ್ನು ಬಂಡವಾಳ ಮಾಡಿಕೊಂಡವನು ಹೋಟೆಲಿನವನು. ‘ಇವರಿಗೆ ಕೂರಲು ಜಾಗ ಸಿಕ್ಕರೆ ಸಾಕು, ಬಣ್ಣದ ನೀರು ಕೊಟ್ಟರೂ ಕುಡಿಯುತ್ತಾರೆ’ ಎಂಬ ಲೆಕ್ಕಾಚಾರ ಅದು. ಮನೆಯಲ್ಲಿ ರುಚಿ ಇತ್ತು, ಕೂರುವ ಹಕ್ಕು ಇರಲಿಲ್ಲ. ಹೋಟೆಲಿನಲ್ಲಿ ಕೂರುವ ಹಕ್ಕು ಬಂತು, ರುಚಿ ಹೋಯಿತು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದು ಹೆಂಗಸರಿಗೆ ಮಾತ್ರ ಏಕೆ ಹೇಳಬೇಕು? ನಮಗೆ ಎರಡೂ ಬೇಕು.

ಎರಡೂ ಸಾಧ್ಯ ಎನ್ನುವುದಕ್ಕೆ ಉದಾಹರಣೆಗಳಿವೆ. ಮಂಗಳೂರು, ಉಡುಪಿ ಕಡೆಯ ಸಾಧಾರಣ ಹೋಟೆಲಿಗೆ ಹೋದರೂ ಪುನರ್ಪುಳಿ ಶರಬತ್ತು ಸಿಗುತ್ತದೆ. ನಮ್ಮ ಮಲೆನಾಡಿನವರು ಮುರುಗಲು ಎನ್ನುವ ಹಣ್ಣು ಅದೇ. ಬೇಸಿಗೆಯಲ್ಲಿ ಹಣ್ಣಾದಾಗ ಸಿಪ್ಪೆ ಒಣಗಿಸಿಟ್ಟುಕೊಳ್ಳುತ್ತಾರೆ. ಅದರ ಕೆಂಪು ಯಾವ ಸ್ಟ್ರಾಬೆರಿ ಸಿರಪ್ಪಿಗೂ ಸೋಲುವುದಿಲ್ಲ, ಒಂದು ಹನಿ ಬಣ್ಣ ಹಾಕಬೇಕಿಲ್ಲ. ಬೆಂಗಳೂರಿನ ಮಲ್ಲೇಶ್ವರದಲ್ಲಿ ‘ಈಟ್ ರಾಜಾ’ ಎಂಬ ಪುಟ್ಟ ಅಂಗಡಿಯಿದೆ. ಕಲ್ಲಂಗಡಿ ರಸವನ್ನು ಕಲ್ಲಂಗಡಿಯ ಚಿಪ್ಪಿನಲ್ಲೇ, ಕರಬೂಜದ್ದನ್ನು ಕರಬೂಜದಲ್ಲೇ ಕೊಟ್ಟು ಹೆಸರು ಮಾಡಿತು. ಹಣ್ಣು ಕಣ್ಣೆದುರಿಗೇ ಇದ್ದಮೇಲೆ ಮೋಸಕ್ಕೆ ಜಾಗವೆಲ್ಲಿ? ಅಷ್ಟೇಕೆ, ಹಾಲಿನ ಒಕ್ಕೂಟದ ನಂದಿನಿ ಮಸಾಲೆ ಮಜ್ಜಿಗೆ ಊರೂರಿನ ಬೂತಿನಲ್ಲಿ ಸಿಗುತ್ತದೆ. ಬೆವರಿ ಬಂದವರಿಗೆ ಉಪ್ಪು ಬೆರೆತ ಮಜ್ಜಿಗೆಗಿಂತ ಸಮಾಧಾನ ಇನ್ನೇನಿದೆ? ರಾಜಧಾನಿಯ ದೊಡ್ಡ ಬಾರುಗಳವರು ಈಗ ಮುರುಗಲು, ಕರಿಬೇವು, ಹುಣಸೆಹಣ್ಣುಗಳನ್ನೇ ತಂದು ತಮ್ಮ ಕಾಕ್‌ಟೇಲಿಗೆ ಬೆರೆಸಿ ದುಬಾರಿ ಬೆಲೆಗೆ ಮಾರುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಎಂಬುದು ಹಳೆಯ ಗಾದೆ. ಹಿತ್ತಲ ಗಿಡ ಬಾರಿಗೆ ಹೋಗಿ ಬಂದಮೇಲೆ ಮದ್ದಾಗುತ್ತದೆ ಎಂಬುದು ಹೊಸದು!

ಹೋಟೆಲಿನವರಿಗೆ ನನ್ನ ಸಲಹೆ ಕಷ್ಟದ್ದಲ್ಲ. ಮುದ್ರಿಸಿದ ಬಣ್ಣದ ಬೋರ್ಡು ಕಿತ್ತು, ನಮ್ಮ ಶಾಲೆಗಳಲ್ಲಿರುವಂಥ ಒಂದು ಕಪ್ಪು ಹಲಗೆ ತೂಗುಹಾಕಿ. ಬೆಳಿಗ್ಗೆ ಮಾರುಕಟ್ಟೆಯಿಂದ ಏನು ಬಂದಿದೆಯೋ ಅದನ್ನು ಸೀಮೆಸುಣ್ಣದಲ್ಲಿ ಬರೆಯಿರಿ. ಇಂದು ಕರಬೂಜ, ನಾಳೆ ಮಾವಿನಕಾಯಿ ಪಾನಕ, ನಾಡಿದ್ದು ಬೇಲ. ಮುಗಿದರೆ ಒರೆಸಿಹಾಕಿ. ‘ಮುಗಿಯಿತು’ ಎಂಬ ಮಾತೇ ತಾಜಾತನಕ್ಕೆ ದೊಡ್ಡ ಸಾಕ್ಷಿ, ಬಾಟಲಿ ಎಂದೂ ಮುಗಿಯುವುದಿಲ್ಲ. ಸಕ್ಕರೆಯನ್ನು ಬೇರೆ ಬಟ್ಟಲಲ್ಲಿ ಕೊಡಿ. ದಿನಕ್ಕೆ ಮೇಲಿನಿಂದ ಸೇರುವ ಸಕ್ಕರೆ 50 ಗ್ರಾಂ ದಾಟಬಾರದು, 25ಕ್ಕೆ ಇಳಿದರೆ ಮತ್ತೂ ಒಳ್ಳೆಯದು ಎಂಬ ಅರ್ಥದ ಸಲಹೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಕೊಟ್ಟಿದೆ. ಇದು ಬೆಲ್ಲದ ಪಾನಕಕ್ಕೂ ಅನ್ವಯಿಸುತ್ತದೆ. ನಮ್ಮದೆಂದು ರಿಯಾಯಿತಿ ಇಲ್ಲ.

ಓದುವ ಅಕ್ಕತಂಗಿಯರಿಗೂ ಒಂದು ಮಾತು. ಮುಂದಿನ ಸಲ ಹೋಟೆಲಿನಲ್ಲಿ ಕೂತಾಗ ಕಾರ್ಡು ಮಗುಚಿಟ್ಟು ‘ಇವತ್ತು ಯಾವ ಹಣ್ಣು ಬಂದಿದೆಯಪ್ಪ?’ ಎಂದು ಕೇಳಿ. ಹುಡುಗ ತಬ್ಬಿಬ್ಬಾಗಿ ಒಳಗೆ ಹೋಗಿ ವಿಚಾರಿಸಿಕೊಂಡು ಬರಲಿ. ನಾಲ್ಕು ಟೇಬಲಿನವರು ನಾಲ್ಕು ದಿನ ಹೀಗೆ ಕೇಳಿದರೆ ಐದನೆಯ ದಿನ ಮಾಲೀಕನೇ ಹಣ್ಣು ತರುತ್ತಾನೆ, ವ್ಯಾಪಾರಸ್ಥನಿಗೆ ಕಿವಿ ಚುರುಕು. ತಂದ ಲೋಟ ಬರೀ ಸಿರಪ್ಪಾಗಿದ್ದರೆ ನಯವಾಗಿ ಹಿಂದಿರುಗಿಸಿ. ಚೆನ್ನಾಗಿದ್ದರೆ ಮಾಡಿದವನನ್ನು ಕರೆದು ಹೊಗಳಿ. ಹೊಗಳಿಕೆ ಸಿಗದೆ ದುಡಿಯುವ ಕಷ್ಟ ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಆಮೇಲೆ ಅವಸರ ಮಾಡಬೇಡಿ. ಮಂಜುಗಡ್ಡೆ ಕರಗುವವರೆಗೂ ಕೂತಿರಿ, ತಳದ ಕೊನೆಯ ಗುಟುಕನ್ನೂ ಕೂತೇ ಕುಡಿಯಿರಿ.